ಯಂತ್ರಕ್ಕಿಂತ ಮೊದಲು ನೋಟ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಗುರುತಿಸಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಈ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು ಎಂಬ ಚರ್ಚೆ ತಪ್ಪದೆ ನಡೆಯುತ್ತದೆ. ಒಂದನೇ ತರಗತಿಯಲ್ಲಿ ಬಾಯಿ ತೆರೆದುಕೊಂಡೇ ಕೂರುವ, ಹಾಜರಿ ಕೂಗುವಾಗ ಎರಡನೇ ಸಲಕ್ಕೆ ಓಗೊಡುವ, ರಾತ್ರಿಯೆಲ್ಲ ಗೊರಕೆ ಹೊಡೆದು ಬೆಳಿಗ್ಗೆ ತೂಕಡಿಸುವ ಮಗು ಆ ಚರ್ಚೆಯೊಳಗೆ ಬರುವುದಿಲ್ಲ. ಮೇಷ್ಟ್ರಿಗೆ ಅದು ಮಂದಬುದ್ಧಿಯ ಮಗು, ಮನೆಯವರಿಗೆ ಸದಾ ನೆಗಡಿಯ ಮಗು. ಇಂಥ ಮಕ್ಕಳಲ್ಲಿ ಒಂದಷ್ಟು ಮಂದಿಯ ತೊಂದರೆ ಇರುವುದು ಮೂಗಿನ ಹಿಂಬದಿಯಲ್ಲಿ, ಮೆದು ಅಂಗುಳದ ಮೇಲ್ಗಡೆ, ಬಾಯಿ ಎಷ್ಟು ದೊಡ್ಡದಾಗಿ ತೆರೆಸಿದರೂ ಕಾಣದ ಜಾಗದಲ್ಲಿ. ಅಲ್ಲಿರುವ ಅಡಿನಾಯ್ಡ್ ಎಂಬ ಅಂಗಾಂಶ ಟಾನ್ಸಿಲ್‌ನ ಜಾತಿಯದೇ. ಸೋಂಕಿನ ಗುರುತು ಹಿಡಿಯುವುದು ಅದರ ಕೆಲಸ. ನಮ್ಮ ಕಡೆ ಮೂಗಿನೊಳಗೆ ಬೆಳೆದದ್ದನ್ನೆಲ್ಲ ದುರ್ಮಾಂಸ ಎನ್ನುತ್ತಾರಾದರೂ ಇದು ಎಲ್ಲ ಮಕ್ಕಳಲ್ಲೂ ಇರುವಂಥದ್ದು. ಮೂರರಿಂದ ಏಳು ವರ್ಷದವರೆಗೆ ದಪ್ಪಗಿದ್ದು ಹರೆಯದ ಹೊತ್ತಿಗೆ ಕುಗ್ಗುತ್ತದೆ. ಕೆಲವರಲ್ಲಿ ಮಾತ್ರ ಉಸಿರಿನ ದಾರಿಯನ್ನೇ ಮುಚ್ಚುವಷ್ಟು ಬೆಳೆಯುತ್ತದೆ. ಕಿವಿಗೆ ಗಾಳಿ ಒಯ್ಯುವ ನಾಳದ ಬಾಯಿಯೂ ಅದರ ಎರಡೂ ಪಕ್ಕದಲ್ಲೇ ಇರುವುದರಿಂದ, ಅಲ್ಲಿ ಊತ, ಸೋಂಕು ನಿಂತರೆ ಕಿವಿ ತಮಟೆಯ ಹಿಂದೆ ಅಂಟು ನೀರು ಸೇರಿಕೊಂಡು ಮಗುವಿಗೆ ಮೆಲ್ಲಗಿನ ಮಾತು ಕೇಳಿಸದಂತಾಗುತ್ತದೆ.

ಔಷಧಕ್ಕೆ ಬಗ್ಗದ, ದೊಡ್ಡದಾದ ಅಡಿನಾಯ್ಡನ್ನು ಆಪರೇಷನ್ ಮಾಡಿ ತೆಗೆಯಬಹುದು. ಹೇಗೆ ತೆಗೆಯಬೇಕು ಎಂಬ ಮಾತು ಬಂದ ಕೂಡಲೇ ನಮ್ಮಲ್ಲಿ ಯಂತ್ರದ ಹೆಸರುಗಳು ಮುಂದೆ ಬರುತ್ತವೆ. ಕೋಬ್ಲೇಷನ್ ಇದೆಯಾ, ಮೈಕ್ರೋಡಿಬ್ರೈಡರ್ ಇದೆಯಾ, ಲೇಸರ್ ಮಾಡುತ್ತಾರಾ ಎಂದು ಕೇಳಿಕೊಂಡು ತಂದೆತಾಯಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಿನ ಹತ್ತಿರ ಮಾಡುವುದು ಹಳೆಯ ಕೆರೆತ, ಅದರಲ್ಲಿ ಬೇರು ಉಳಿದುಬಿಡುತ್ತದೆ ಎಂಬ ಮಾತು ಅವರ ಕಿವಿಗೆ ಬಿದ್ದಿರುತ್ತದೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಹಳೆಯ ವಿಧಾನದ ದೋಷ ಅದರ ಸಲಕರಣೆಯಲ್ಲಿಲ್ಲ, ಕಣ್ಣಿಗೆ ಕಾಣದ ಜಾಗದಲ್ಲಿ ಕೈ ಅಂದಾಜಿನ ಮೇಲೆ ಕೆಲಸ ಮಾಡುವುದರಲ್ಲಿದೆ. ಆ ಜಾಗ ಕಾಣುವಂತೆ ಮಾಡಿಕೊಂಡ ಮೇಲೆ ಯಾವ ಯಂತ್ರ ಎಂಬುದರಿಂದ ಆಗುವ ವ್ಯತ್ಯಾಸ ಸಣ್ಣದು. ಕಾಣುವಂತೆ ಮಾಡಿಕೊಳ್ಳಲು ಬೇಕಾದದ್ದು ಜಿಲ್ಲಾ ಕೇಂದ್ರ ತುಮಕೂರಿನಲ್ಲಿ ಖಂಡಿತ, ತಾಲ್ಲೂಕು ಆಸ್ಪತ್ರೆಗಳಲ್ಲೂ ಬಹುಮಟ್ಟಿಗೆ ಒದಗಿಸಬಹುದಾದ ವಸ್ತು. ಸಾರ್ವಜನಿಕ ಹಣ ಮೊದಲು ಹೋಗಬೇಕಾದದ್ದು ಅದಕ್ಕೆ, ಅರಿವಳಿಕೆ ಕೊಡುವವರಿಗೆ ಮತ್ತು ಆಪರೇಷನ್ನಿನ ರಾತ್ರಿ ಮಗುವನ್ನು ನೋಡಿಕೊಳ್ಳುವವರಿಗೆ ಎಂಬುದು ನನ್ನ ವಾದ.

ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಈ ಕಾಯಿಲೆಯನ್ನು ಮೊದಲ ಬಾರಿಗೆ ಸರಿಯಾಗಿ ವಿವರಿಸಿದಾಗ, ಉಂಗುರದಾಕಾರದ ಚಾಕುವನ್ನು ಮೂಗಿನಿಂದ ತೂರಿಸಿ, ಬಾಯಿಯ ಮೂಲಕ ಹಿಂದಕ್ಕೆ ಹಾಕಿದ ಬೆರಳಿನಿಂದ ದಾರಿ ನೋಡಿಕೊಂಡು ಕೆರೆಯುತ್ತಿದ್ದರು. ಅವರ ಕಣ್ಣು ಆ ಬೆರಳೇ. ಮುಂದೆ ಬಾಯಿಯಿಂದಲೇ ಹಾಕುವ ಕ್ಯೂರೆಟ್ ಬಂತು: ಉದ್ದ ಹಿಡಿ, ತುದಿಯಲ್ಲಿ ಚಿಕ್ಕ ಚೌಕಟ್ಟು, ಚೌಕಟ್ಟಿನ ಒಂದು ಅಂಚಿಗೆ ಹರಿತವಾದ ಅಲಗು. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಭುಜದ ಕೆಳಗೆ ದಿಂಬಿಟ್ಟು ಕತ್ತನ್ನು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದಿರುವಂತೆ ಲೋಹದ ಚೌಕಟ್ಟು ಕೂರಿಸುತ್ತಾರೆ. ಕ್ಯೂರೆಟ್ಟನ್ನು ಅಂಗುಳದ ಹಿಂದಕ್ಕೆ ಜಾರಿಸಿ ಮೇಲಕ್ಕೆ ಮೂಗಿನ ಗೋಡೆಗೆ ತಾಗುವವರೆಗೆ ಒಯ್ದು, ಹಿಂದಕ್ಕೆ ಒತ್ತಿ ಒಂದೇ ಎಳೆತಕ್ಕೆ ಕೆಳಗೆ ತರುತ್ತಾರೆ. ಅನುಭವಿ ಕೈಯಲ್ಲಿ ಅಡಿನಾಯ್ಡ್ ಇಡಿಯಾಗಿ ಬರುತ್ತದೆ. ಬಟ್ಟೆಯ ಉಂಡೆ ಒತ್ತಿ ಹಿಡಿದರೆ ಕೆಲವು ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಲಕ್ಷಾಂತರ ಮಕ್ಕಳಿಗೆ ಹೀಗೆಯೇ ಆಗಿದೆ, ಬಹುಪಾಲು ಮಕ್ಕಳು ಚೆನ್ನಾಗಿಯೇ ಇದ್ದಾರೆ. ಆದರೆ ಚೌಕಟ್ಟಿಗೆ ಸಿಕ್ಕದ ಮೂಲೆಗಳು ಮೂರು: ಮೂಗಿನ ಹಿಂಬಾಗಿಲಿನೊಳಕ್ಕೆ ಚಾಚಿಕೊಂಡ ಭಾಗ, ಚಾವಣಿಯ ತುದಿ, ಕಿವಿ ನಾಳದ ಬಾಯಿಯ ಸುತ್ತಲಿನ ಭಾಗ. ಮೊದಲ ಎರಡು ಉಸಿರಿಗೆ ಅಡ್ಡ ಬರುವ ಜಾಗ, ಮೂರನೆಯದು ಕಿವಿಗೆ ಸಂಬಂಧಿಸಿದ್ದು. ಆಸ್ಟ್ರೇಲಿಯದ ಸಿಡ್ನಿಯ ಇಬ್ಬರು ತಜ್ಞರು 130 ಮಕ್ಕಳಲ್ಲಿ ಕ್ಯೂರೆಟ್ ಮುಗಿದ ಮೇಲೆ ಎಂಡೋಸ್ಕೋಪ್ ಹಾಕಿ ನೋಡಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ ಸುಮಾರು 39 ಮಕ್ಕಳಲ್ಲಿ ದಾರಿಗೆ ಅಡ್ಡವಾಗುವಷ್ಟು ಅಂಗಾಂಶ ಇನ್ನೂ ಉಳಿದಿತ್ತು.

ಇದಕ್ಕೆ ಹಿರಿಯ ಶಸ್ತ್ರವೈದ್ಯರು ಕೊಡುವ ಉತ್ತರ ತಳ್ಳಿಹಾಕುವಂಥದ್ದಲ್ಲ. ಉಳಿದರೆ ಉಳಿಯಲಿ, ವಯಸ್ಸಾದಂತೆ ಅದು ತಾನೇ ಕುಗ್ಗುತ್ತದೆ, ಎರಡನೇ ಸಲ ಆಪರೇಷನ್ ಬೇಕಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಎನ್ನುತ್ತಾರೆ ಅವರು. ಲೆಕ್ಕ ಹೆಚ್ಚುಕಡಿಮೆ ಸರಿಯೇ. ಆದರೆ ಆ ಲೆಕ್ಕದೊಳಗೆ ಬರುವುದು ಮತ್ತೆ ಆಸ್ಪತ್ರೆಗೆ ಬಂದ ಮಕ್ಕಳು. ಪಾವಗಡದ ಗಡಿ ಹಳ್ಳಿಯಿಂದ ನೂರು ಕಿಲೋಮೀಟರ್ ಬಂದು ಒಮ್ಮೆ ಆಪರೇಷನ್ ಮಾಡಿಸಿದ ಕೂಲಿ ಕುಟುಂಬ, ಗೊರಕೆ ಪೂರ್ತಿ ನಿಲ್ಲಲಿಲ್ಲವೆಂದು ಎರಡನೇ ಸಲ ಬರುವುದು ಕಡಿಮೆ. ಮಗುವಿನ ಹಣೆಬರಹ ಎಂದು ಸುಮ್ಮನಾಗುವುದೇ ಹೆಚ್ಚು. ಒಂದೇ ಸಲಕ್ಕೆ ಸರಿಯಾಗಿ ಮುಗಿಯಬೇಕಾದ ಅಗತ್ಯ ಆಸ್ಪತ್ರೆಯ ಪಕ್ಕದ ಬೀದಿಯ ಮಗುವಿಗಿಂತ ಇಂಥ ಮಗುವಿಗೆ ದೊಡ್ಡದು. ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವಿದೆ. ಮೂಗಿನ ಹಿಂದೆ ಕಾಣುವ ಊತವೆಲ್ಲ ಅಡಿನಾಯ್ಡ್ ಅಲ್ಲ. ಹರೆಯದ ಹುಡುಗರಲ್ಲಿ ಅದೇ ಜಾಗದಲ್ಲಿ ರಕ್ತನಾಳಗಳಿಂದಲೇ ತುಂಬಿದ ಗೆಡ್ಡೆಯೊಂದು ಅಪರೂಪಕ್ಕೆ ಬೆಳೆಯುತ್ತದೆ. ಮೂಗು ಕಟ್ಟಿಕೊಳ್ಳುತ್ತದೆ, ಆಗಾಗ ಮೂಗಿನಿಂದ ರಕ್ತ ಬರುತ್ತದೆ. ಎಕ್ಸ್‌ರೇ ಒಂದನ್ನೇ ನಂಬಿ ಅದಕ್ಕೆ ಕ್ಯೂರೆಟ್ ಹಾಕಿದರೆ ರಕ್ತ ನಿಲ್ಲಿಸುವುದು ಕಷ್ಟ, ಪ್ರಾಣಕ್ಕೇ ಸಂಚಕಾರ. ಮೊದಲು ಕಣ್ಣಿಂದ ನೋಡಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ನೋಡುವುದು ಹೇಗೆ? ಇಲ್ಲಿಯೇ ನಮ್ಮ ಚರ್ಚೆ ದಾರಿ ತಪ್ಪಿರುವುದು. ತೀರಾ ಸರಳವಾದ ಏರ್ಪಾಡು ಹೀಗಿದೆ: ಮೂಗಿನ ಎರಡೂ ಹೊಳ್ಳೆಗಳಿಂದ ತೆಳುವಾದ ರಬ್ಬರ್ ಕೊಳವೆ ಇಳಿಸಿ, ಗಂಟಲಲ್ಲಿ ಕಾಣಿಸಿಕೊಂಡ ತುದಿಯನ್ನು ಬಾಯಿಂದ ಹೊರಗೆಳೆದು, ಮೂಗಿನ ಮುಂದೆ ಎರಡೂ ತುದಿ ಸೇರಿಸಿ ಕ್ಲಿಪ್ ಹಾಕಿದರೆ ಮೆದು ಅಂಗುಳ ಪರದೆಯಂತೆ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಆಮೇಲೆ ಹಣೆಯ ದೀಪ, ಉದ್ದ ಹಿಡಿಯ ಚಿಕ್ಕ ಕನ್ನಡಿ. ಉಸಿರಿನ ಆವಿ ಕೂರದಂತೆ ಕನ್ನಡಿಯನ್ನು ಬೆಚ್ಚಗಿನ ನೀರಿಗೆ ಅದ್ದಿ ಒರೆಸಿಕೊಂಡರೆ ಮೂಗಿನ ಹಿಂಬಾಗಿಲು ಎರಡೂ, ಅವುಗಳ ನಡುವಿನ ಗೋಡೆ, ಪಕ್ಕದಲ್ಲಿ ಕಿವಿ ನಾಳದ ಉಬ್ಬು, ಎಲ್ಲ ಕಾಣುತ್ತದೆ. ಮೊದಲು ಕ್ಯೂರೆಟ್‌ನಿಂದ ದಪ್ಪ ಭಾಗ ತೆಗೆದು, ಕನ್ನಡಿಯಲ್ಲಿ ನೋಡಿಕೊಂಡು ಉಳಿದದ್ದನ್ನು ಚಿಮುಟದಿಂದ ಬಿಡಿಸಬಹುದು, ಇಲ್ಲವೇ ಹೀರುತ್ತಲೇ ಸುಡುವ ಡಯಾಥರ್ಮಿ ಕೊಳವೆಯಿಂದ ಕರಗಿಸಬಹುದು. ಹೆರಿಗೆ, ಹರ್ನಿಯಾ ಆಪರೇಷನ್ ನಡೆಯುವ ಥಿಯೇಟರಿನಲ್ಲಿ ಡಯಾಥರ್ಮಿ ಪೆಟ್ಟಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ; ಬಾಗಿಸಬಲ್ಲ ಕೊಳವೆಯೊಂದು ಹೆಚ್ಚಿಗೆ ಬೇಕು. ಮೂಗಿನ ಎಂಡೋಸ್ಕೋಪ್ ಇರುವ ಕಡೆ ಕನ್ನಡಿಗಿಂತ ಅದೇ ವಾಸಿ, ಮೂಲೆಗಳು ಇನ್ನೂ ಸ್ಪಷ್ಟ. ಸೈನಸ್ ಆಪರೇಷನ್ನಿಗೆಂದು ಕೊಂಡ ಎಂಡೋಸ್ಕೋಪ್ ಮಗುವಿನ ಅಡಿನಾಯ್ಡಿಗೂ ಆಗುತ್ತದೆ ಎಂಬುದನ್ನು ಖರೀದಿ ಪಟ್ಟಿ ಬರೆಯುವವರು ನೆನಪಿಡಬೇಕು.

ದುಬಾರಿ ಯಂತ್ರಗಳಿಗೆ ಅವುಗಳದೇ ಗುಣವಿದೆ, ಅದನ್ನು ಒಪ್ಪದಿದ್ದರೆ ವಾದ ಪೊಳ್ಳಾಗುತ್ತದೆ. ಮೈಕ್ರೋಡಿಬ್ರೈಡರ್ ಎಂಬುದು ತಿರುಗುವ ಅಲಗನ್ನು ಒಳಗಿಟ್ಟುಕೊಂಡ ಬಾಗಿದ ಕೊಳವೆ. ಅಂಗಾಂಶವನ್ನು ಹೀರಿ, ಹೀರಿದ್ದಷ್ಟನ್ನೇ ಕೊಚ್ಚುತ್ತದೆ. ಅಂಗುಳದಲ್ಲಿ ಸೀಳಿರುವ ಮಗುವಿಗೆ ಅಡಿನಾಯ್ಡಿನ ಮೇಲ್ಭಾಗವನ್ನು ಮಾತ್ರ ತೆಗೆದು ಕೆಳಭಾಗವನ್ನು ಉಳಿಸಬೇಕಾದಾಗ ಇದರ ನಿಖರತೆ ನಿಜಕ್ಕೂ ಉಪಕಾರಿ. ಕೋಬ್ಲೇಷನ್ ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿ 40ರಿಂದ 70 ಡಿಗ್ರಿಯ ಬಿಸಿಯಲ್ಲೇ ಅಂಗಾಂಶವನ್ನು ಕರಗಿಸುತ್ತದೆ. ಡಯಾಥರ್ಮಿಯಲ್ಲಿ ಬಿಸಿ ನೂರಾರು ಡಿಗ್ರಿಗೆ ಏರುತ್ತದೆ. ಆಪರೇಷನ್ ಹೊತ್ತಿನ ರಕ್ತಸ್ರಾವ ಕೋಬ್ಲೇಷನ್‌ನಲ್ಲಿ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಈ ಲಾಭವನ್ನು ಅಳೆಯುವಾಗ ಎದುರಿಗೆ ಏನಿದೆ ಎಂದು ನೋಡಬೇಕು. ಅಡಿನಾಯ್ಡ್ ಮಾತ್ರ ತೆಗೆದ ಮಗುವಿಗೆ ನೋವು ಮೊದಲೇ ಕಡಿಮೆ. ಸಂಜೆಗೆ ಗಂಜಿ ಕುಡಿಯುತ್ತದೆ, ಒಂದೆರಡು ದಿನ ಪ್ಯಾರಸಿಟಮಾಲ್ ಸಾಕು. ಆರೋಗ್ಯವಂತ ಮಗುವಿನಲ್ಲಿ ಕೆಲವು ಮಿಲಿಲೀಟರ್ ರಕ್ತ ಉಳಿಸಲು ಒಂದೇ ಸಲ ಬಳಸಿ ಬಿಸಾಡಬೇಕಾದ ಕಡ್ಡಿಗೆ ಸಾವಿರಾರು ರೂಪಾಯಿ ಕೊಡಬೇಕು. ಅದನ್ನು ತೊಳೆದು ಮತ್ತೆ ಬಳಸಿದರೆ ಖರ್ಚು ಇಳಿಯಬಹುದು, ಆದರೆ ಸೋಂಕಿನ ಹೊಣೆ ಏರುತ್ತದೆ. ಹೊಸದೆಲ್ಲ ಒಳ್ಳೆಯದೆಂಬ ನಂಬಿಕೆಗೆ ಲೇಸರ್ ಉದಾಹರಣೆ ಸಾಕು. ಅದರಿಂದ ಮೂಗಿನ ಹಿಂಬದಿ ಗಾಯದ ಕಲೆಯಿಂದ ಕಿರಿದಾಗುವುದು ಕಂಡುಬಂದು ಈ ಆಪರೇಷನ್ನಿಗೆ ತಜ್ಞರು ಅದನ್ನು ಬಹುತೇಕ ಕೈಬಿಟ್ಟಿದ್ದಾರೆ.

ಬ್ರಿಟನ್ನಿನ ಅನುಭವ ಇನ್ನೂ ಹೆಚ್ಚು ಹೇಳುತ್ತದೆ. ಹುಚ್ಚುಹಸು ರೋಗಕ್ಕೆ ಸಂಬಂಧಿಸಿದ ಸೋಂಕು ಹರಡೀತೆಂದು ಅಲ್ಲಿನ ಆರೋಗ್ಯ ಇಲಾಖೆ 2001ರ ಆರಂಭದಲ್ಲಿ ಟಾನ್ಸಿಲ್, ಅಡಿನಾಯ್ಡ್ ಆಪರೇಷನ್ನಿಗೆ ಒಮ್ಮೆ ಬಳಸಿ ಬಿಸಾಡುವ ಸಲಕರಣೆಗಳನ್ನೇ ಕಡ್ಡಾಯ ಮಾಡಿತು. ಕೈಗೆ ಒಗ್ಗದ ಸಲಕರಣೆಗಳಿಂದ ರಕ್ತಸ್ರಾವ ಹೆಚ್ಚಿತೆಂಬ ದೂರು ಬಂದು ಅದೇ ವರ್ಷದ ಕೊನೆಗೆ ಆದೇಶ ಹಿಂದೆಗೆಯಬೇಕಾಯಿತು. 2003-04ರಲ್ಲಿ ಸುಮಾರು 34 ಸಾವಿರ ಟಾನ್ಸಿಲ್ ಆಪರೇಷನ್‌ಗಳ ಲೆಕ್ಕ ತೆಗೆದಾಗ ಬಿಸಿ ಬಳಸದ ಹಳೆಯ ವಿಧಾನಕ್ಕಿಂತ ಡಯಾಥರ್ಮಿ, ಕೋಬ್ಲೇಷನ್ ಎರಡರಲ್ಲೂ ನಂತರದ ರಕ್ತಸ್ರಾವ ಹೆಚ್ಚು ಕಂಡಿತು. ಹಾಗಾದರೆ ನೀವೇ ಡಯಾಥರ್ಮಿಯನ್ನು ಏಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಿದರೆ ನ್ಯಾಯವೇ. ಟಾನ್ಸಿಲ್ ಗಾಯ ನುಂಗಿದಾಗಲೆಲ್ಲ ಜಗ್ಗುವ ಸ್ನಾಯುವಿನ ಮೇಲಿರುತ್ತದೆ, ಅನ್ನಾಹಾರ ತಾಗುತ್ತದೆ. ಅಡಿನಾಯ್ಡ್ ಗಾಯ ಹಾಗಲ್ಲ, ಅಲ್ಲಿ ನಂತರದ ರಕ್ತಸ್ರಾವ ಎಲ್ಲ ವಿಧಾನಗಳಲ್ಲೂ ವಿರಳ. ಆದರೂ ಆಳವಾಗಿ ಸುಟ್ಟರೆ ಕುತ್ತಿಗೆ ನೋವು, ಬಾಯಿ ವಾಸನೆ, ಅಪರೂಪಕ್ಕೆ ಕತ್ತು ಓರೆಯಾಗುವ ತೊಂದರೆ ಉಂಟು. ಹಾಗಾಗಿ ಉಳಿದದ್ದಕ್ಕೆ ಮತ್ತು ರಕ್ತ ಜಿನುಗುವ ಬಿಂದುವಿಗೆ ಮಾತ್ರ ಅದನ್ನು ಮಿತವಾಗಿ ಬಳಸುವುದು ಲೇಸು. ಬ್ರಿಟನ್ನಿನ ಆ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು, ದೇಶವೊಂದು ತನ್ನ ಮಕ್ಕಳ ಆಪರೇಷನ್‌ಗಳ ಫಲವನ್ನು ವಿಧಾನವಾರು ಬರೆದಿಟ್ಟದ್ದು. ನಮ್ಮಲ್ಲಿ ಎಷ್ಟು ಆಯಿತು ಎಂದು ಬರೆಯುವ ಪದ್ಧತಿ ಇದೆ, ಹೇಗೆ ಆಯಿತು ಎಂದು ಬರೆಯುವುದು ಕಡಿಮೆ.

ಬೆಂಗಳೂರಿನ ಮಗುವಿಗೆ ಹೊಸ ಯಂತ್ರ, ಶಿರಾದ ಮಗುವಿಗೆ ಕನ್ನಡಿಯೇ ಸಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು. ಬಡವರಿಗೆ ಅಗ್ಗದ್ದು ಸಾಕು ಎಂಬ ಮನೋಭಾವ ನಮ್ಮ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಮಾಡಿರುವ ಕೇಡು ಸಣ್ಣದಲ್ಲ. ಆದರೆ ಇಲ್ಲಿ ಫಲದಲ್ಲಿ ದೊಡ್ಡ ಅಂತರವಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಹೀರುವ ಡಯಾಥರ್ಮಿ ಬಳಸುವ ವಿಧಾನ ಬ್ರಿಟನ್, ಅಮೆರಿಕಗಳ ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲೂ ರೂಢಿಯಲ್ಲಿದೆ. ಬಡ ಮಗುವಿಗೆ ನಿಜವಾದ ಅನ್ಯಾಯ ಆಗುವುದು ಮೂರು ಕಡೆ: ಅರಿವಳಿಕೆ ತಜ್ಞರಿಲ್ಲವೆಂದು ದಿನಾಂಕ ಮುಂದಕ್ಕೆ ಹೋಗುವಾಗ, ಕಿವಿ ಪರೀಕ್ಷೆ ಮಾಡುವವರಿಲ್ಲವೆಂದು ಕಾಗದ ಹಿಡಿದು ಅಲೆಯುವಾಗ, ಮತ್ತು ಬೇಡದ ಆಪರೇಷನ್ ಆಗಿಬಿಟ್ಟಾಗ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಪರೇಷನ್ ಸುಲಭವಾದಷ್ಟೂ ಅದರ ಅಗತ್ಯವನ್ನು ಕೇಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿ ಬೇಕಾದಷ್ಟಿದೆ. 1906ರ ಜೂನ್‌ನಲ್ಲಿ ನ್ಯೂಯಾರ್ಕಿನ ಬಡ ವಲಸಿಗರ ಕೇರಿಯಲ್ಲಿ ಶಾಲೆಯಲ್ಲೇ ಮಕ್ಕಳ ಅಡಿನಾಯ್ಡ್ ತೆಗೆದಿದ್ದರು. ಬಾಯಲ್ಲಿ ರಕ್ತ ತುಂಬಿಕೊಂಡು ಬಂದ ಮಕ್ಕಳನ್ನು ನೋಡಿ, ಗಂಟಲು ಕೊಯ್ಯುತ್ತಿದ್ದಾರೆಂಬ ಸುದ್ದಿ ಹಬ್ಬಿ, ಸಾವಿರಾರು ತಾಯಂದಿರು ಶಾಲೆಗಳಿಗೆ ನುಗ್ಗಿದರು. ಹೇಳದೆ, ಕೇಳದೆ, ಅರ್ಥವಾಗುವ ಭಾಷೆಯಲ್ಲಿ ವಿವರಿಸದೆ ಮಾಡಿದ ಒಳ್ಳೆಯ ಕೆಲಸವೂ ಹೀಗಾಗುತ್ತದೆ. ಅದೇ ನಗರದಲ್ಲಿ 1934ರಲ್ಲಿ ಸಾವಿರ ಶಾಲಾ ಮಕ್ಕಳನ್ನು ನೋಡಿದಾಗ 611 ಮಂದಿಯ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದ 389ರಲ್ಲಿ 174 ಮಂದಿಗೆ ಆಪರೇಷನ್ ಬೇಕೆಂದು ವೈದ್ಯರು ಹೇಳಿದರು. ಬೇಡ ಎನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರ ಮುಂದೆ ನಿಲ್ಲಿಸಿದರೆ ಅವರಲ್ಲೂ 99 ಮಂದಿಗೆ ಬೇಕು ಎಂದರು. ನೋಡುವ ವೈದ್ಯರು ಬದಲಾದಂತೆ ಬೇಕಾದ ಮಕ್ಕಳೂ ಬದಲಾದರು.

ಆಗ ಇಲ್ಲದ ಒಳ್ಳೆಯ ಪುರಾವೆ ಈಗ ನಮ್ಮ ಮುಂದೆ ಇದೆ. ಪದೇ ಪದೇ ನೆಗಡಿ, ಕೆಮ್ಮು ಎಂಬ ಒಂದೇ ಕಾರಣಕ್ಕೆ ಅಡಿನಾಯ್ಡ್ ತೆಗೆದರೆ ಕಾದು ನೋಡಿದ್ದಕ್ಕಿಂತ ಹೆಚ್ಚಿನ ಲಾಭವಿಲ್ಲ ಎಂದು ನೆದರ್ಲೆಂಡ್ಸ್‌ನಲ್ಲಿ 111 ಮಕ್ಕಳನ್ನು ಎರಡು ವರ್ಷ ಅನುಸರಿಸಿದ ಅಧ್ಯಯನ 2011ರಲ್ಲಿ ತೋರಿಸಿತು. ನಿದ್ದೆಯಲ್ಲಿ ಉಸಿರುಗಟ್ಟುವ ಮಕ್ಕಳ ಕಥೆ ಬೇರೆ. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡವರಲ್ಲಿ ನೂರಕ್ಕೆ 79 ಮಂದಿಯ ನಿದ್ದೆಯ ಪರೀಕ್ಷೆ ಏಳು ತಿಂಗಳಲ್ಲಿ ಸರಿಹೋಯಿತು. ಕಾದು ನೋಡಿದವರಲ್ಲಿ ಸರಿಹೋದದ್ದು ನೂರಕ್ಕೆ 46 ಮಂದಿಗೆ. ಈ ಎರಡನೇ ಸಂಖ್ಯೆಯನ್ನು ಮರೆಯಬಾರದು: ಅರ್ಧಕ್ಕೆ ಹತ್ತಿರದಷ್ಟು ಮಕ್ಕಳು ಆಪರೇಷನ್ ಇಲ್ಲದೆಯೇ ಸುಧಾರಿಸಿದರು. ಹಾಗೆಂದು ಎಲ್ಲರನ್ನೂ ಕಾಯಿಸುವುದೂ ತಪ್ಪು. ನಿದ್ದೆಯಲ್ಲಿ ಉಸಿರು ನಿಂತು ಬೆಚ್ಚಿ ಏಳುವ, ತೂಕ ಹೆಚ್ಚದ, ಮೂರು ತಿಂಗಳಾದರೂ ಕಿವಿಯ ನೀರು ಇಳಿಯದೆ ಕೇಳಿಸುವಿಕೆ ಕುಗ್ಗಿರುವ ಮಗುವನ್ನು ಬೇಗ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು. ಉಳಿದವರಿಗೆ ಕೆಲವು ವಾರ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧ, ಅಲರ್ಜಿ ಇದ್ದರೆ ಅದಕ್ಕೆ ಚಿಕಿತ್ಸೆ, ಒಲೆಯ ಹೊಗೆ ಮತ್ತು ಬೀಡಿ ಹೊಗೆಯಿಂದ ದೂರ. ಮೂಗಿನ ಸ್ಟೀರಾಯ್ಡ್ ಎಂದರೆ ಹೆದರುವ ಪೋಷಕರಿಗೆ, ಅದು ಮೈಗೆಲ್ಲ ಸೇರುವ ಪ್ರಮಾಣ ಬಹಳ ಕಡಿಮೆ ಎಂದು ತಾಳ್ಮೆಯಿಂದ ಹೇಳುವವರು ಬೇಕು. ಈ ಆಯ್ಕೆಯ ಕೆಲಸ ಶಿರಾದಲ್ಲೇ, ಪಾವಗಡದಲ್ಲೇ ಆಗಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಹೋಗಬೇಕೆಂದಿದೆ. ಕಿವಿಯ ತೊಂದರೆ ಅವರ ಪಟ್ಟಿಯಲ್ಲೇ ಇದೆ. ರಾತ್ರಿ ಗೊರಕೆ ಇದೆಯಾ, ಬಾಯಲ್ಲಿ ಉಸಿರಾಡುತ್ತದಾ ಎಂಬ ಎರಡು ಪ್ರಶ್ನೆಗಳನ್ನು ತಾಯಿಗೆ ಕೇಳಲು ಯಾವ ಯಂತ್ರವೂ ಬೇಡ.

ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಆಕ್ಷೇಪ ಸುರಕ್ಷತೆಯದು. ನಾಲ್ಕು ವರ್ಷದ ಮಗುವಿಗೆ ಪೂರ್ತಿ ಅರಿವಳಿಕೆ ಕೊಡುವುದು ತಾಲ್ಲೂಕು ಆಸ್ಪತ್ರೆಯಲ್ಲಿ ತರವೇ? ಆಪರೇಷನ್ ಮುಗಿದಾಗ ಅಂಗುಳದ ಹಿಂದೆ ಹೆಪ್ಪುಗಟ್ಟಿದ ರಕ್ತದ ತುಣುಕು ಅಡಗಿದ್ದು, ಮಗುವಿಗೆ ಎಚ್ಚರವಾಗುವಾಗ ಅದು ಜಾರಿ ಶ್ವಾಸನಾಳಕ್ಕೆ ಬಿದ್ದರೆ ಪ್ರಾಣವೇ ಹೋಗಬಹುದು. ಅದನ್ನು ಹೀರಿ ತೆಗೆದು, ಕಣ್ಣಿಂದ ನೋಡಿಯೇ ಬಾಯಿಯ ಚೌಕಟ್ಟು ಬಿಚ್ಚಬೇಕು. ಈ ಆಕ್ಷೇಪದ ಬಹುಪಾಲನ್ನು ನಾನು ಒಪ್ಪುತ್ತೇನೆ. ಮೂರು ವರ್ಷಕ್ಕಿಂತ ಚಿಕ್ಕ ಮಗು, ಉಸಿರುಗಟ್ಟುವುದು ತೀವ್ರವಾಗಿರುವ ಮಗು, ಡೌನ್ ಸಿಂಡ್ರೋಮ್ ಅಥವಾ ಹೃದ್ರೋಗವಿರುವ ಮಗು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೇ ಹೋಗಬೇಕು. ಉಳಿದವರಿಗೆ ಜಿಲ್ಲಾ ಕೇಂದ್ರ ಸೂಕ್ತ: ಕೊರಟಗೆರೆಯಿಂದ ತುಮಕೂರು 26 ಕಿಲೋಮೀಟರ್, ಶಿರಾದಿಂದ ಸುಮಾರು 50. ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡುವುದಾದರೆ ಅರಿವಳಿಕೆ ತಜ್ಞರು ಆ ರಾತ್ರಿ ಊರಿನಲ್ಲೇ ಇರಬೇಕು. ಸಂಜೆ ಬಸ್ಸಿಗೆ ಹೊರಡುವ ವ್ಯವಸ್ಥೆಯಾದರೆ ಬೇಡವೇ ಬೇಡ. ರಕ್ತಸ್ರಾವ ಆಗುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲೇ. ನಗರದ ಮಗುವನ್ನು ಅದೇ ದಿನ ಮನೆಗೆ ಕಳಿಸುವ ಪದ್ಧತಿ ಪಾವಗಡದ ಮಗುವಿಗೆ ಹೊಂದುವುದಿಲ್ಲ, ಒಂದು ರಾತ್ರಿ ಉಳಿಸಿಕೊಳ್ಳಲೇಬೇಕು. 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಭರಿಸುತ್ತದೆ. ಜೊತೆಗೆ ಬಂದ ತಾಯಿ ಆ ದಿನ ಕಳೆದುಕೊಳ್ಳುವ ಕೂಲಿಯನ್ನೂ ಹೀಗೇ ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಪರೇಷನ್ನಿಗೆ ಮೊದಲು ಮಾಡಬೇಕಾದ ಒಂದು ಪರೀಕ್ಷೆ ಇದೆ, ಅದಕ್ಕೂ ಹಣ ಬೇಡ. ಮಗುವಿನ ಕಿರುನಾಲಿಗೆ ಎರಡು ಸೀಳಾಗಿದೆಯೇ ಎಂದು ನೋಡಬೇಕು, ಅಂಗುಳದ ನಡುವೆ ಬೆರಳಾಡಿಸಿ ಚರ್ಮದಡಿ ಮರೆಯಾದ ಸೀಳಿದೆಯೇ ಎಂದು ತಿಳಿಯಬೇಕು. ಇದ್ದರೆ ಅಡಿನಾಯ್ಡನ್ನು ಪೂರ್ತಿ ತೆಗೆದ ಮೇಲೆ ಮಾತೆಲ್ಲ ಮೂಗಿನಿಂದ ಬರತೊಡಗಬಹುದು, ಕುಡಿದ ನೀರು ಮೂಗಿಗೆ ಏರಬಹುದು. ಸರಿಪಡಿಸಲು ಮತ್ತೊಂದು ದೊಡ್ಡ ಆಪರೇಷನ್ ಬೇಕಾಗಬಹುದು. ಆಪರೇಷನ್ ಆದ ಮೇಲಿನ ಕೆಲಸವೂ ಹೀಗೇ ಅಲಕ್ಷ್ಯಕ್ಕೆ ಗುರಿಯಾಗಿದೆ. ಉಸಿರಿನ ದಾರಿ ತೆರೆದರೂ ವರ್ಷಗಟ್ಟಲೆ ಬಾಯಲ್ಲಿ ಉಸಿರಾಡಿದ ಅಭ್ಯಾಸ ತಕ್ಷಣ ಹೋಗುವುದಿಲ್ಲ. ಕಿವಿಯ ನೀರು ಇಳಿಯಿತೇ ಎಂಬುದನ್ನು ಆರೆಂಟು ವಾರಗಳ ನಂತರ ಪರೀಕ್ಷೆ ಮಾಡಿಯೇ ತಿಳಿಯಬೇಕು. ಬಿಡುಗಡೆಯ ಚೀಟಿಯಲ್ಲಿ ಈಗ ಆಪರೇಷನ್ನಿನ ಹೆಸರು ಮತ್ತು ಮಾತ್ರೆಗಳ ಪಟ್ಟಿ ಇರುತ್ತದೆ. ಅಡಿನಾಯ್ಡನ್ನು ಯಾವ ವಿಧಾನದಿಂದ ತೆಗೆಯಲಾಯಿತು, ಮುಗಿದಾಗ ಕನ್ನಡಿ ಅಥವಾ ಎಂಡೋಸ್ಕೋಪ್‌ನಲ್ಲಿ ನೋಡಲಾಯಿತೇ, ಎರಡೂ ಹಿಂಬಾಗಿಲು ತೆರೆದಿದ್ದವೇ, ಕಿವಿ ಪರೀಕ್ಷೆಗೆ ಯಾವ ದಿನ ಎಲ್ಲಿಗೆ ಬರಬೇಕು ಎಂಬ ನಾಲ್ಕು ಸಾಲು ಕನ್ನಡದಲ್ಲಿ ಅದಕ್ಕೆ ಸೇರಬೇಕು. ಅದರ ಒಂದು ಪ್ರತಿ ಮಗುವಿನ ಶಾಲೆಯ ಮುಖ್ಯೋಪಾಧ್ಯಾಯರಿಗೂ ಹೋದರೆ, ಆ ದಿನಾಂಕದವರೆಗೆ ಮಗುವನ್ನು ಮೊದಲ ಸಾಲಿನಲ್ಲಿ ಕೂರಿಸುವುದು ಮೇಷ್ಟ್ರ ಕೈಯಲ್ಲಿದೆ.